ಎರಡೂವರೆ ಮಿಲಿಮೀಟರಿನ ತೂತು

ಈ ಸಂಚಿಕೆ ಶುರುವಾಗೋದು ನನ್ನ ಮೇಜಿನ ಮೇಲಿಂದ. ಅಲ್ಲೊಂದು ಸೆಂಚೂರಿಯನ್ ಟ್ಯಾಂಕ್ ಇದೆ. ಅಸಲಿ ಟ್ಯಾಂಕಿನ ತೂಕ ಸುಮಾರು 50 ಟನ್. ನನ್ನದು 35ರಲ್ಲಿ ಒಂದು ಪಾಲು ಅಳತೆಯ ಪ್ಲಾಸ್ಟಿಕ್ ಕಿಟ್, ಗೇಣುದ್ದ ಅಷ್ಟೇ. ಚಕ್ರಗಳ ಅಂಚು ಉಜ್ಜಿ, ಅಂಟಿಸಿ, ಪ್ರೈಮರ್ ಹೊಡೆದು, ಮಂಕು ಹಸಿರು ಬಳಿಯೋಕೆ ಮೂರು ವಾರ ಹಿಡೀತು.

ನಾನು ಮಾಡಹೊರಟಿದ್ದು ‘ಫಮಗುಸ್ತಾ’. ಪೂನಾ ಹಾರ್ಸ್ ರೆಜಿಮೆಂಟಿನ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ಅವರ ಟ್ಯಾಂಕ್. 1971ರ ಡಿಸೆಂಬರ್ 16, ಪಶ್ಚಿಮ ಗಡಿಯ ಬಸಂತರ್ ಕದನ. ಟ್ಯಾಂಕಿಗೆ ಬೆಂಕಿ ಬಿದ್ದಿತ್ತು. ಬಿಟ್ಟು ಇಳಿ ಅಂತ ರೇಡಿಯೊದಲ್ಲಿ ಆದೇಶ ಬಂತು. ಗನ್ ಇನ್ನೂ ಕೆಲಸ ಮಾಡ್ತಿದೆ, ಇಳಿಯಲ್ಲ ಅಂದರು. ಆಮೇಲೆ ಬಿದ್ದ ಶೆಲ್ ಅವರ ಪ್ರಾಣ ತೆಗೀತು. ವಯಸ್ಸು 21. ಅದೇ ದಿನ ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾಯಿತು. ಅವರಿಗೆ ಮರಣೋತ್ತರ ಪರಮವೀರ ಚಕ್ರ ಸಂದಿತು.

ಎದುರಿದ್ದ ಪ್ಯಾಟನ್ ಟ್ಯಾಂಕುಗಳ ಗನ್ 90 ಮಿಲಿಮೀಟರಿನದು. 35ರಿಂದ ಭಾಗಿಸಿದೆ. ಎರಡೂವರೆ ಮಿಲಿಮೀಟರ್ ಚಿಲ್ಲರೆ.

ಸುಟ್ಟ ಕಲೆ, ತುಕ್ಕು, ಶೆಲ್ ಬಿದ್ದ ತೂತು ಇದ್ರೆ ಮಾಡೆಲ್ ಫೋಟೊ ಚೆನ್ನಾಗಿ ಬರುತ್ತೆ. ಹಿಂದಿನ ಟ್ಯಾಂಕುಗಳಿಗೆಲ್ಲ ಖುಷಿಯಿಂದಲೇ ಕೊರೆದಿದ್ದೆ. ಈ ಸಲ ಡ್ರಿಲ್ ಹಿಡಿದು ಕೂತರೂ ಕೈ ಬರಲಿಲ್ಲ. ಇದೇ ಅಳತೆಯಲ್ಲಿ ಒಬ್ಬ ಸೈನಿಕನ ಎತ್ತರ ಐದು ಸೆಂಟಿಮೀಟರ್. ಒಳಗೆ ನಾಲ್ವರಿದ್ದರು.

ಡ್ರಿಲ್ ಕೆಳಗಿಟ್ಟು, ಚಕ್ರಗಳಿಗೆ ಒಂದಿಷ್ಟು ಕೆಸರಿನ ಬಣ್ಣ ಮಾತ್ರ ಬಳಿದೆ. ಈಗ ಅದು ಆಗಷ್ಟೇ ಬಸಂತರ್ ನದಿ ದಾಟಿ ಬಂದ ಟ್ಯಾಂಕ್. ಇನ್ನೂ ಏನೂ ಆಗಿಲ್ಲ.