‘ಬಿಳಿಯರು’ ಎಂದರೆ ಯಾರು?

ಅಮೆರಿಕದ ಪೌರತ್ವವನ್ನು ಪಡೆದ ನಾವು ಒಂದು ಹಳೆಯ ಮೊಕದ್ದಮೆಯನ್ನು ಅರಿತಿರುವುದು ಒಳ್ಳೆಯದು. ಪರದೇಶದಿಂದ ಬಂದವರಲ್ಲಿ ‘ಸ್ವತಂತ್ರ ಬಿಳಿಯರು’ ಮಾತ್ರ ಪೌರರಾಗಬಹುದೆಂದು 1790ರ ಕಾಯಿದೆಯು ವಿಧಿಸಿತ್ತು. 1870ರಲ್ಲಿ ಆಫ್ರಿಕನ್ ಮೂಲದವರಿಗೂ ಆ ಹಕ್ಕು ದೊರೆಯಿತು. ಆದರೆ ಬಿಳಿಯರೆಂದರೆ ಯಾರು?

1922ರ ನವೆಂಬರಿನಲ್ಲಿ ಜಪಾನಿನ ತಕಾವೊ ಒಜಾವಾ ಅವರ ಅರ್ಜಿಯನ್ನು ತಿರಸ್ಕರಿಸಿದ ಸರ್ವೋಚ್ಚ ನ್ಯಾಯಾಲಯವು, ಮೈಬಣ್ಣ ಮುಖ್ಯವಲ್ಲ, ಬಿಳಿಯರೆಂದರೆ ಕಕೇಷಿಯನ್ ಜನಾಂಗದವರು ಎಂದಿತು. ಅಮೆರಿಕದ ಸೇನೆಯಲ್ಲಿ ಸೇವೆ ಸಲ್ಲಿಸಿದ್ದ ಪಂಜಾಬಿನ ಭಗತ್ ಸಿಂಗ್ ಥಿಂಡ್ ಅವರಿಗೆ ಇದು ಆಸರೆಯಾಗಬೇಕಿತ್ತು. ಅಂದಿನ ಜನಾಂಗಶಾಸ್ತ್ರಜ್ಞರಲ್ಲಿ ಅನೇಕರು ಅವರಂಥವರನ್ನು ಕಕೇಷಿಯನ್ನರೆಂದೇ ಗಣಿಸಿದ್ದರು. ಆದರೆ ಮೂರೇ ತಿಂಗಳಲ್ಲಿ, 1923ರ ಫೆಬ್ರವರಿ 19ರಂದು, ಹಿಂದಿನ ತೀರ್ಪನ್ನು ಬರೆದಿದ್ದ ನ್ಯಾಯಮೂರ್ತಿ ಸದರ್ಲ್ಯಾಂಡ್ ಅವರೇ ಶಾಸ್ತ್ರವನ್ನು ಬದಿಗಿರಿಸಿ, ಜನಸಾಮಾನ್ಯರ ತಿಳಿವಳಿಕೆಯಲ್ಲಿ ಭಾರತೀಯರು ಬಿಳಿಯರಲ್ಲವೆಂದು ಬರೆದರು. ಮೊದಲೇ ಪೌರರಾಗಿದ್ದ ಹಲವು ಭಾರತೀಯರೂ ಆ ಹಕ್ಕನ್ನು ಕಳೆದುಕೊಂಡರು.

ಥಿಂಡ್ ಅವರ ಪಕ್ಷವೂ ಗೋಡೆಯನ್ನು ಪ್ರಶ್ನಿಸಲಿಲ್ಲ. ಮೇಲ್ಜಾತಿಯ ಆರ್ಯರೆಂದು ಗೋಡೆಯೊಳಗೆ ಸ್ಥಳ ಕೇಳಿತು. ಅವರಿಗೆ ಪೌರತ್ವ ದೊರೆತದ್ದು 1936ರಲ್ಲಿ, ಮಾಜಿ ಯೋಧರೆಂಬ ಕಾರಣದಿಂದ. ಇತರ ಭಾರತೀಯರಿಗೆ ಬಾಗಿಲು ತೆರೆದದ್ದು 1946ರ ಕಾಯಿದೆ. ಜನಾಂಗದ ಷರತ್ತು ಪೂರ್ಣವಾಗಿ ಅಳಿದದ್ದು 1952ರಲ್ಲಿ. ಒಂದು ಪದದ ಅರ್ಥವನ್ನು ನ್ಯಾಯಾಲಯವು ತಿರುಗಿಸಬಲ್ಲದು; ಆ ಪದವನ್ನು ಕಾಯಿದೆಯಿಂದ ತೆಗೆದ ಮೇಲೆಯೇ ನಮ್ಮಂಥವರ ಹಕ್ಕು ಭದ್ರವಾಯಿತು.