ವೆರಿಫೈ ಫೇಲ್: ಪ್ಲೇಸ್ಟೇಷನ್‌ಗೆ ಚಿಪ್ ಹಾಕುತ್ತಿದ್ದ ಕಾಲದ ಕತೆ

ದಕ್ಷಿಣ ಕನ್ನಡದ ಎಷ್ಟೋ ಮನೆಗಳಿಗೆ ಟೇಪ್ ರೆಕಾರ್ಡರ್, ವಿಸಿಆರ್ ಮೊದಲು ಬಂದದ್ದು ಅಂಗಡಿಯಿಂದ ಅಲ್ಲ, ಗಲ್ಫಿನಿಂದ. ದುಬೈಯಲ್ಲೋ ದಮ್ಮಾಮಿನಲ್ಲೋ ದುಡಿಯುವ ಮಾವ ರಜೆಗೆ ಬರುವಾಗ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆ ತರುತ್ತಿದ್ದರು. ಬಜ್ಪೆಯಿಂದ ದುಬೈಗೆ ನೇರ ವಿಮಾನ ಶುರುವಾದದ್ದೇ 2006ರಲ್ಲಿ. ಅದಕ್ಕೆ ಮುಂಚೆ ಬೊಂಬಾಯಿಯಲ್ಲಿ ಇಳಿದು, ಅಲ್ಲಿಂದ ಬಸ್ಸು ಹತ್ತಿ ಊರಿಗೆ ಬರಬೇಕಿತ್ತು. 90ರ ದಶಕದ ಕೊನೆಗೆ ಆ ಪೆಟ್ಟಿಗೆಯೊಳಗೆ ಬೂದು ಬಣ್ಣದ ಇನ್ನೊಂದು ಯಂತ್ರವೂ ಕಾಣಿಸತೊಡಗಿತು: ಸೋನಿಯ ಪ್ಲೇಸ್ಟೇಷನ್. ಜಪಾನಿನಲ್ಲಿ ಅದು ಮಾರಾಟಕ್ಕೆ ಬಂದದ್ದು 1994ರ ಡಿಸೆಂಬರ್ 3ರಂದು. ಕ್ಯಾಸೆಟ್ ಹಾಕುವ ಟಿವಿ ಗೇಮ್ ಆಡಿ ಬೆಳೆದ ಮಕ್ಕಳಿಗೆ ಸಿಡಿ ಹಾಕುವ ಗೇಮ್ ಅಂದರೆ ಬೇರೆಯೇ ಲೋಕ.

ಯಂತ್ರ ಬಂತು, ಗೇಮ್ ಎಲ್ಲಿಂದ? ಅಸಲಿ ಸಿಡಿ ಒಂದಕ್ಕೆ ಕೂಲಿಯವನ ಹಲವು ದಿನದ ಸಂಬಳ ಬೇಕಾಗುತ್ತಿತ್ತು. ಕಾಪಿ ಸಿಡಿ ಅಗ್ಗಕ್ಕೆ ಸಿಗುತ್ತಿತ್ತು, ಆದರೆ ಯಂತ್ರ ಅದನ್ನು ಒಪ್ಪುತ್ತಿರಲಿಲ್ಲ. ಸೋನಿಯವರು ಅಸಲಿ ಡಿಸ್ಕ್‌ನ ಒಳಸುತ್ತಿನ ಗೆರೆಯಲ್ಲೇ ಸಣ್ಣದೊಂದು ಓಲಾಟ ಇಟ್ಟಿದ್ದರು. ಆ ಓಲಾಟದಲ್ಲಿ ನಾಲ್ಕು ಅಕ್ಷರ ಅಡಗಿತ್ತು. ಜಪಾನಿನ ಡಿಸ್ಕ್‌ಗೆ ಎಸ್‌ಸಿಇಐ, ಅಮೆರಿಕದ್ದಕ್ಕೆ ಎಸ್‌ಸಿಇಎ, ಯುರೋಪಿನದ್ದಕ್ಕೆ ಎಸ್‌ಸಿಇಇ. ಕಂಪ್ಯೂಟರಿನ ಸಿಡಿ ರೈಟರ್ ಆಟದ ಮಾಹಿತಿಯನ್ನೆಲ್ಲ ಕಾಪಿ ಮಾಡುತ್ತಿತ್ತು, ಓಲಾಟವನ್ನು ಮಾಡಲಾಗುತ್ತಿರಲಿಲ್ಲ. ಅಕ್ಷರ ಸಿಗದಿದ್ದರೆ ಯಂತ್ರ ಮುಂದೆ ಹೋಗುವುದಿಲ್ಲ. ಮಾಡ್‌ಚಿಪ್ ಮಾಡುತ್ತಿದ್ದ ಕೆಲಸ ಇಷ್ಟೇ: ಬೋರ್ಡಿಗೆ ಬೆಸುಗೆ ಹಾಕಿ ಕೂರಿಸಿದರೆ, ಡಿಸ್ಕ್ ಹೇಳಬೇಕಾದ ಆ ನಾಲ್ಕು ಅಕ್ಷರವನ್ನು ಡಿಸ್ಕ್‌ನ ಪರವಾಗಿ ತಾನೇ ಮತ್ತೆ ಮತ್ತೆ ಹೇಳುವುದು.

ಈ ಚಿಪ್ ಯಾವುದೋ ಗುಟ್ಟಿನ ಕಾರ್ಖಾನೆಯ ಮಾಲೇನಲ್ಲ. ಮೈಕ್ರೋಚಿಪ್ ಕಂಪನಿಯ ಪಿಕ್ 12ಸಿ508 ಎಂಬ ಎಂಟು ಕಾಲಿನ ಐಸಿ, ಎಲ್ಲ ಕಡೆ ಸಿಗುವಂಥದ್ದು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ, ಮುಂಬೈಯ ಲ್ಯಾಮಿಂಗ್ಟನ್ ರೋಡಿನಲ್ಲಿ ಇಂಥ ಖಾಲಿ ಐಸಿ ಕೊಳ್ಳಬಹುದಿತ್ತು. ಖಾಲಿ ಐಸಿಗೆ ಪ್ರೋಗ್ರಾಂ ಬರೆಯುವುದೇ ಕಷ್ಟದ ಭಾಗ. ಕಂಪ್ಯೂಟರಿನ ಸೀರಿಯಲ್ ಪೋರ್ಟಿಗೆ ಸಿಕ್ಕಿಸುವ ಸಣ್ಣ ಪ್ರೋಗ್ರಾಮರ್ ಬೋರ್ಡು, ಐಸಿ-ಪ್ರೋಗ್ ಎಂಬ ಉಚಿತ ಸಾಫ್ಟ್‌ವೇರ್, ಒಂದು ಹೆಕ್ಸ್ ಫೈಲು. ಬಟನ್ ಒತ್ತಿದರೆ ನೀಲಿ ಪಟ್ಟಿ ಓಡುತ್ತದೆ, ಕೊನೆಗೆ ಬರುತ್ತದೆ ಆ ಕಿಟಕಿ: ವೆರಿಫೈ ಫೇಲ್. ಇಂಥ ವಿಳಾಸದಲ್ಲಿ ತಾಳೆಯಾಗಲಿಲ್ಲ ಅಂತ.

ಅದನ್ನು ಕಂಡು ಎಷ್ಟು ಮಂದಿ ಚಿಪ್ ಎಸೆದಿದ್ದಾರೋ! ಎಸೆಯುವ ಮೊದಲು ಅದು ಏನು ಹೇಳುತ್ತದೆ ಎಂದು ನೋಡಬೇಕು. ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗೋಣ.

ವಿದ್ಯುತ್ ಹೋದರೂ ಮರೆಯದ, ಅಳಿಸಿ ಮತ್ತೆ ಬರೆಯಬಹುದಾದ ಚಿಪ್ ಹುಟ್ಟಿದ್ದೇ ಒಂದು ದೋಷದಿಂದ. ಇಂಟೆಲ್ ಕಂಪನಿಯ ಡೋವ್ ಫ್ರೋಹ್ಮನ್ ಎಂಬ ಎಂಜಿನಿಯರ್ ಕೈಕೊಡುತ್ತಿದ್ದ ಚಿಪ್‌ಗಳನ್ನು ಪರೀಕ್ಷಿಸುತ್ತಿದ್ದರು. ಎಲ್ಲಿಗೂ ಸಂಪರ್ಕವಿಲ್ಲದ ಒಂದು ಪದರದಲ್ಲಿ ವಿದ್ಯುದಂಶ ಸಿಕ್ಕಿಹಾಕಿಕೊಂಡರೆ ಹೊರಗೆ ಹೋಗುವುದಿಲ್ಲ ಎಂಬುದು ಅವರ ಗಮನಕ್ಕೆ ಬಂತು. ದೋಷವನ್ನೇ ನೆನಪಿನ ಡಬ್ಬಿ ಮಾಡಿಬಿಟ್ಟರು. 1971ರಲ್ಲಿ ಬಂದ ಅದರ ಹೆಸರು ಇಪಿರಾಮ್. ಮೇಲೆ ಗಾಜಿನ ಕಿಟಕಿ, ಅದರೊಳಗೆ ಅಲ್ಟ್ರಾವಯಲೆಟ್ ಬೆಳಕು ಬಿಟ್ಟರೆ ಇಪ್ಪತ್ತು ನಿಮಿಷದಲ್ಲಿ ಅಳಿಸಿಹೋಗುತ್ತದೆ. ನೇರ ಬಿಸಿಲಿಗೆ ವಾರ ಇಟ್ಟರೂ ಅಳಿಯುತ್ತದೆ, ಅದಕ್ಕೇ ಕಿಟಕಿಗೆ ಸ್ಟಿಕ್ಕರ್ ಅಂಟಿಸುತ್ತಿದ್ದರು. ಆಮೇಲೆ ತೋಷಿಬಾದ ಫುಜಿಯೋ ಮಸುವೋಕ 1984ರಲ್ಲಿ ಜಗತ್ತಿನ ಮುಂದಿಟ್ಟದ್ದು ಫ್ಲ್ಯಾಶ್ ಮೆಮೊರಿ. ವಿದ್ಯುತ್ತಿನಿಂದಲೇ ದೊಡ್ಡ ಭಾಗವನ್ನು ಒಮ್ಮೆಗೇ ಅಳಿಸಬಹುದು. ಕ್ಯಾಮೆರಾದ ಫ್ಲ್ಯಾಶ್ ಹೊಡೆದ ಹಾಗೆ ಅಂತ ಆ ಹೆಸರು. ನೀವು ಈ ಬರಹ ಓದುತ್ತಿರುವ ಮೊಬೈಲಿನ ಸ್ಟೋರೇಜೂ ಅದೇ ವಂಶದ್ದು.

ವಿದ್ಯುದಂಶವನ್ನು ಆ ಪದರಕ್ಕೆ ತಳ್ಳಲು ಸಾಮಾನ್ಯ ವೋಲ್ಟೇಜ್ ಸಾಲದು, ಜಾಸ್ತಿ ಬೇಕು. ಸರಿಯಾಗಿ ಒಳಗೆ ಹೋಯಿತೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಬರೆದದ್ದನ್ನು ತಿರುಗಿ ಓದಿ, ಮೂಲ ಫೈಲಿನೊಂದಿಗೆ ತಾಳೆ ನೋಡುತ್ತಾರೆ. ಅದೇ ವೆರಿಫೈ. ಮಂಗಳೂರಿಗೆ ಈ ಪದ್ಧತಿ ಹೊಸದಲ್ಲ. ಬಲ್ಮಠದ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ 1894ರಲ್ಲಿ ಕಿಟ್ಟೆಲರ ನಿಘಂಟು ಅಚ್ಚಾದಾಗ ಎಪ್ಪತ್ತು ಸಾವಿರದಷ್ಟು ಪದಗಳು ಅದರಲ್ಲಿದ್ದವು. ಮೊಳೆ ಜೋಡಿಸಿ, ಪ್ರೂಫ್ ತೆಗೆದು, ಹಸ್ತಪ್ರತಿಯ ಪಕ್ಕ ಇಟ್ಟು ಓದದೆ ಅಂಥ ಪುಸ್ತಕ ಮುಗಿಯುವುದಿಲ್ಲ. ಪ್ರೂಫಿನಲ್ಲಿ ತಪ್ಪು ಕಂಡರೆ ಒಂದು ಮೊಳೆ ಕಿತ್ತು ಇನ್ನೊಂದು ಇಡಬಹುದು. 12ಸಿ508ರಲ್ಲಿ ಆ ಸೌಕರ್ಯ ಇರಲಿಲ್ಲ. ಅಗ್ಗದ ಪ್ಲಾಸ್ಟಿಕ್ ಐಸಿಗೆ ಗಾಜಿನ ಕಿಟಕಿ ಇಲ್ಲ, ಒಮ್ಮೆ ಬರೆದರೆ ಮುಗಿಯಿತು. ತಪ್ಪು ಬರೆದರೆ ಐಸಿಯೂ ಹೋಯಿತು, ಹಣವೂ ಹೋಯಿತು.

ಈಗ ಆ ಕಿಟಕಿಗೆ ಬರೋಣ. ತಪ್ಪು ಯಾವ ವಿಳಾಸದಲ್ಲಿ ಎಂಬುದರಲ್ಲೇ ಅರ್ಧ ಉತ್ತರ ಉಂಟು. ಮೊಟ್ಟಮೊದಲ ವಿಳಾಸದಲ್ಲೇ, ಅಂದರೆ 0000ದಲ್ಲೇ ತಪ್ಪಾದರೆ ಹೆಚ್ಚಾಗಿ ಚಿಪ್‌ಗೆ ಏನೂ ತಲುಪಿಯೇ ಇಲ್ಲ. ಐಸಿ ತಿರುಗಾಮುರುಗಾ ಕೂತಿರಬಹುದು, ಸಾಫ್ಟ್‌ವೇರಿನಲ್ಲಿ ಬೇರೆ ನಂಬರಿನ ಐಸಿ ಆರಿಸಿರಬಹುದು. ನಮ್ಮ ಕರಾವಳಿಯ ಕಾಯಿಲೆ ಇನ್ನೊಂದು: ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ. ಸಾಕೆಟ್ಟಿನ ಹಿತ್ತಾಳೆ ಹಸಿರುಗಟ್ಟುತ್ತದೆ, ಐಸಿಯ ಕಾಲು ಕಪ್ಪಾಗುತ್ತದೆ. ಪೆನ್ಸಿಲ್ ರಬ್ಬರಿನಿಂದ ಕಾಲು ಉಜ್ಜಿ, ಸಾಕೆಟ್ಟನ್ನು ಸ್ಪಿರಿಟ್ಟಿನಲ್ಲಿ ತೊಳೆದರೆ ಎಷ್ಟೋ ಸಲ ಅಷ್ಟಕ್ಕೇ ಸರಿಯಾಗುತ್ತದೆ.

ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ತಪ್ಪು ತೋರಿಸಿದರೆ ಕರೆಂಟು ಸಾಲುತ್ತಿಲ್ಲ. ಆ ಕಾಲದ ಜನಪ್ರಿಯ ಜೆಡಿಎಂ ಪ್ರೋಗ್ರಾಮರ್‌ಗೆ ಬೇರೆ ಅಡಾಪ್ಟರ್ ಇರಲಿಲ್ಲ, ಸೀರಿಯಲ್ ಪೋರ್ಟಿನಿಂದಲೇ ಕರೆಂಟು ಎಳೆಯುತ್ತಿತ್ತು. ಪಿಕ್ ಐಸಿಗೆ ಬರೆಯುವಾಗ ಸುಮಾರು 13 ವೋಲ್ಟ್ ಬೇಕು. ಹಳೆಯ ಡೆಸ್ಕ್‌ಟಾಪ್‌ಗಳ ಪೋರ್ಟ್ ಅದನ್ನು ಹೇಗೋ ನಿಭಾಯಿಸುತ್ತಿತ್ತು. ಲ್ಯಾಪ್‌ಟಾಪಿನ ಪೋರ್ಟಿನಲ್ಲಿ ಬರುತ್ತಿದ್ದದ್ದು ಅದರ ಅರ್ಧದಷ್ಟು ಮಾತ್ರ. ಅದೇ ಬೋರ್ಡು, ಅದೇ ಐಸಿ, ಅದೇ ಫೈಲು, ಲ್ಯಾಪ್‌ಟಾಪಿನಲ್ಲಿ ಮಾತ್ರ ಫೇಲ್. ಕಂಪ್ಯೂಟರಿಗೆ ವೈರಸ್ ಬಂದಿದೆ ಅಂತ ಫಾರ್ಮ್ಯಾಟ್ ಮಾಡಿಸಿದವರೂ ಉಂಟು ಮಾರಾಯ್ರೇ. ಒಂದು ಮಲ್ಟಿಮೀಟರ್ ಇಟ್ಟು ಅಳೆದಿದ್ದರೆ ಎರಡು ನಿಮಿಷದ ಕೆಲಸ.

ಎಲ್ಲ ವಿಳಾಸದಲ್ಲೂ ಬರೀ ಸೊನ್ನೆ ಓದಿದರೆ ಕೋಡ್ ಪ್ರೊಟೆಕ್ಟ್ ಬೀಗ ಬಿದ್ದಿರಬಹುದು. ಯಾರೂ ಪ್ರೋಗ್ರಾಂ ಕದಿಯಬಾರದೆಂದು ಐಸಿಯೊಳಗೇ ಇರುವ ಬೀಗ ಅದು. ಬೀಗ ಹಾಕಿದ ಮೇಲೆ ತಿರುಗಿ ಓದಲು ಹೋದರೆ ಐಸಿ ಸೊನ್ನೆ ತೋರಿಸುತ್ತದೆ, ಸಾಫ್ಟ್‌ವೇರ್ ಅದನ್ನು ತಪ್ಪು ಎನ್ನುತ್ತದೆ. ಒಳಗೆ ಬರೆದದ್ದು ಸರಿಯಾಗಿಯೇ ಇರುತ್ತದೆ.

ನಮಗೆ ಎಲ್ಲಕ್ಕಿಂತ ಕುತೂಹಲದ್ದು ಕೊನೆಯ ವಿಳಾಸದ ತಪ್ಪು. 12ಸಿ508ರಲ್ಲಿ 512 ಮನೆಗಳು. ಕೊನೆಯ ಮನೆಯಲ್ಲಿ ಆ ಐಸಿಯ ಗಡಿಯಾರ ಎಷ್ಟು ವೇಗವಾಗಿ ಓಡಬೇಕೆಂಬ ಲೆಕ್ಕವನ್ನು ಕಾರ್ಖಾನೆಯಲ್ಲೇ ಬರೆದು ಕಳಿಸಿರುತ್ತಾರೆ, ಪ್ರತಿ ಐಸಿಗೂ ಬೇರೆ ಬೇರೆ. ನಮ್ಮ ಹೆಕ್ಸ್ ಫೈಲಿನಲ್ಲಿ ಆ ಮನೆ ಖಾಲಿ. ಖಾಲಿಯನ್ನು ತುಂಬಿದ್ದರೊಂದಿಗೆ ಹೋಲಿಸಿದರೆ ತಾಳೆಯಾಗುವುದು ಹೇಗೆ? 511 ಮನೆ ಸರಿ, ಕೊನೆಯದು ಮಾತ್ರ ತಪ್ಪು ಅಂತ ಬಂದರೆ ಆ ಚಿಪ್ ಚೆನ್ನಾಗಿಯೇ ಇದೆ. ಇದು ಗೊತ್ತಿಲ್ಲದೆ ಕಸದ ಬುಟ್ಟಿಗೆ ಹೋದ ಒಳ್ಳೆಯ ಐಸಿಗಳಿಗೆ ಲೆಕ್ಕವಿಲ್ಲ. ಮುಂದೆ ಅಳಿಸಿ ಬರೆಯಬಹುದಾದ ಪಿಕ್ 12ಎಫ್629 ಬಂದಾಗ ಕತೆ ಉಲ್ಟಾ ಆಯಿತು. ಪೂರ್ತಿ ಅಳಿಸಿದರೆ ಆ ಕೊನೆಯ ಲೆಕ್ಕವೂ ಅಳಿಸಿಹೋಗುತ್ತದೆ. ಮೊದಲೇ ಓದಿ ಐಸಿಯ ಬೆನ್ನ ಮೇಲೋ ಚೀಟಿಯಲ್ಲೋ ಬರೆದಿಟ್ಟುಕೊಳ್ಳದವನ ಚಿಪ್, ವೆರಿಫೈ ಪಾಸಾದರೂ ಯಂತ್ರದಲ್ಲಿ ಕೆಲಸ ಮಾಡದೆ ಹೋಗಬಹುದು. ನಾಲ್ಕು ಅಕ್ಷರವನ್ನು ಸರಿಯಾದ ವೇಗದಲ್ಲಿ ಹೇಳದಿದ್ದರೆ ಪ್ಲೇಸ್ಟೇಷನ್ ನಂಬುವುದಿಲ್ಲವಲ್ಲ.

ಫೇಲ್ ಬಂದದ್ದನ್ನು ಕಡೆಗಣಿಸಿ ಚಿಪ್ ಹಾಕಿಬಿಟ್ಟರೆ ನಷ್ಟ ಯಾರಿಗೆ? ಮೇಜಿನ ಮೇಲಿರುವುದು ಇನ್ನೊಬ್ಬರ ಮಾವ ಎರಡು ವರ್ಷಕ್ಕೊಮ್ಮೆ ಬರುವಾಗ ತಂದ ಯಂತ್ರ. ಮತ್ತೊಂದು ಬೇಕೆಂದರೆ ಮತ್ತೆ ಎರಡು ವರ್ಷ ಕಾಯಬೇಕು. ಬೆಸುಗೆ ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು ಮಾಡಿದರೆ ಬೋರ್ಡಿನ ತಾಮ್ರದ ಗೆರೆಯೇ ಎದ್ದುಬರುತ್ತದೆ. ಮೊದಲ ಪ್ಲೇಸ್ಟೇಷನ್‌ಗೆ ನಾಲ್ಕೋ ಏಳೋ ತಂತಿ ಸಾಕಿತ್ತು. 2000ದಲ್ಲಿ ಬಂದ ಪ್ಲೇಸ್ಟೇಷನ್ 2ರ ಕೆಲವು ಚಿಪ್‌ಗಳಿಗೆ ಇಪ್ಪತ್ತಕ್ಕೂ ಹೆಚ್ಚು ತಂತಿ, ಕೂದಲೆಳೆಯಂಥ ಜಾಗಕ್ಕೆ. ಒಂದು ತಂತಿ ಜಾರಿದರೆ ಯಂತ್ರ ಸತ್ತಂತೆ.

ಕಾನೂನಿನ ಮಾತನ್ನೂ ಹೇಳಲೇಬೇಕು. ಗೇಮ್ ಕಾಪಿ ಮಾಡಿ ಮಾರುವುದು ಆಗಲೂ ಅಪರಾಧವೇ ಆಗಿತ್ತು. ಚಿಪ್ ಹಾಕುವುದು? ಆಸ್ಟ್ರೇಲಿಯಾದಲ್ಲಿ ಸಿಡ್ನಿಯ ಎಡ್ಡಿ ಸ್ಟೀವನ್ಸ್ ಎಂಬವರ ಮೇಲೆ ಸೋನಿ ಹೂಡಿದ ದಾವೆ ಅಲ್ಲಿನ ಹೈಕೋರ್ಟ್ ತನಕ ಹೋಗಿ, 2005ರ ಅಕ್ಟೋಬರ್‌ನಲ್ಲಿ ಸ್ಟೀವನ್ಸ್ ಗೆದ್ದರು. ಅಲ್ಲಿ ಹೈಕೋರ್ಟ್ ಅಂದರೆ ನಮ್ಮ ಸುಪ್ರೀಂ ಕೋರ್ಟಿದ್ದ ಹಾಗೆ. ಅಲ್ಲಿನ ಕಾನೂನಿನ ಭಾಷೆಯ ಪ್ರಕಾರ ಡಿಸ್ಕ್‌ನ ಆ ಓಲಾಟ ಕಾಪಿ ಮಾಡುವುದನ್ನು ತಡೆಯುವುದೇ ಇಲ್ಲ, ಕಾಪಿಯಾದ ಮೇಲೆ ಆಡುವುದನ್ನು ಮಾತ್ರ ತಡೆಯುತ್ತದೆ ಎಂಬುದು ತೀರ್ಪಿನ ಹುರುಳು. ಭಾರತದಲ್ಲಿ 2012ರ ತಿದ್ದುಪಡಿಯಿಂದ ಕೃತಿಸ್ವಾಮ್ಯ ಕಾಯ್ದೆಗೆ 65ಎ ಕಲಂ ಸೇರಿತು. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಮುರಿದರೆ ಎರಡು ವರ್ಷದ ತನಕ ಸೆರೆ, ದಂಡವೂ ಉಂಟು. ಗೇಮ್ ಮಾಡಿದವರ ದುಡಿಮೆಯ ಬೆಲೆ ಅವರಿಗೆ ಸಿಗಬೇಕೆಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ನಮ್ಮಲ್ಲಿ ಬೆಸುಗೆ ಕಡ್ಡಿ ಹಿಡಿಯಲು ಎಷ್ಟೋ ಹುಡುಗರು ಕಲಿತದ್ದು ಈ ಮೇಜುಗಳಲ್ಲೇ ಎಂಬುದನ್ನು ಮರೆಮಾಚುವುದೂ ಸರಿಯಲ್ಲ.

ಆ ಕಲಿಕೆ ಈಗ ಲ್ಯಾಪ್‌ಟಾಪ್ ರಿಪೇರಿಗೆ ಬಂದಿದೆ. ಅಪ್‌ಡೇಟ್ ಆಗುವಾಗ ಕರೆಂಟು ಹೋಗಿ ಸತ್ತ ಲ್ಯಾಪ್‌ಟಾಪಿನ ಬಯಾಸ್ ಚಿಪ್‌ಗೆ ಸಿಎಚ್341ಎ ಎಂಬ ಅಗ್ಗದ ಯುಎಸ್‌ಬಿ ಪ್ರೋಗ್ರಾಮರಿನಿಂದ ಮತ್ತೆ ಬರೆಯುತ್ತಾರೆ. ಅಲ್ಲೂ ಅದೇ ವೆರಿಫೈ ಫೇಲ್. ಕಾರಣಗಳೂ ಹಳೆಯ ನೆಂಟರೇ: ಕ್ಲಿಪ್ಪಿನ ಹಲ್ಲು ಐಸಿಯ ಕಾಲಿಗೆ ಸರಿಯಾಗಿ ಕಚ್ಚಿರುವುದಿಲ್ಲ, ಕ್ಲಿಪ್ಪಿನ ಕರೆಂಟನ್ನು ಬೋರ್ಡಿನ ಉಳಿದ ಭಾಗ ಎಳೆದುಕೊಳ್ಳುತ್ತದೆ, ಅಥವಾ ಐಸಿ 1.8 ವೋಲ್ಟಿನದ್ದು, ನಾವು ಕೊಡುತ್ತಿರುವುದು 3.3. ಈ ಕೆಲಸಕ್ಕೆ ಕೈಹಾಕುವ ತಮ್ಮಂದಿರು ಮೊದಲು ಇದ್ದದ್ದನ್ನು ಎರಡು ಸಲ ಓದಿ, ಎರಡು ಫೈಲನ್ನೂ ಹೋಲಿಸಿ ನೋಡಿ. ಎರಡೂ ಒಂದೇ ಬಂದರೆ ಮಾತ್ರ ಸಂಪರ್ಕ ಸರಿ ಉಂಟು ಅಂತ ಅರ್ಥ. ಆ ಫೈಲನ್ನು ಬೇರೆ ಕಡೆ ಉಳಿಸಿ, ಆಮೇಲೆ ಅಳಿಸಿ. ವೆರಿಫೈ ಪಾಸಾಗದೆ ಲ್ಯಾಪ್‌ಟಾಪಿನ ಪವರ್ ಬಟನ್ ಒತ್ತಬೇಡಿ.

ಅಟ್ಟದ ಮೇಲೆ ಹಳೆಯ ಪ್ಲೇಸ್ಟೇಷನ್ ಇರುವವರು ಅದನ್ನು ಬಿಚ್ಚಿ ನೋಡಬಹುದು. 12ಎಫ್629ರಂಥ ಐಸಿಯಲ್ಲಿ ಬರೆದದ್ದು 40 ವರ್ಷಕ್ಕೂ ಹೆಚ್ಚು ಉಳಿಯುತ್ತದೆ ಎಂದು ಕಂಪನಿಯೇ ಹೇಳುತ್ತದೆ. ಸಿಡಿ ಓದದಿದ್ದರೆ ಮೊದಲು ಲೆನ್ಸ್ ಒರೆಸಿ, ಚಿಪ್‌ಗೆ ಕೈ ಹಾಕಬೇಡಿ.