ವೀರನ ಪುನರ್ನಿರ್ಮಾಣ: ಲಾವಣಿಯಿಂದ ಬೆಳ್ಳಿತೆರೆಗೆ

ಹಳೆಯ ವೀರನನ್ನು ಚಲನಚಿತ್ರವು ಹೊಸ ಪೀಳಿಗೆಗೆ ಪರಿಚಯಿಸುವಾಗ ಜನಸ್ಮೃತಿಯಲ್ಲಿ ಅವನಿಗಿರುವ ನೆಲೆ ಯಾವುದೆಂಬುದೇ ಮೂಲಪ್ರಶ್ನೆ. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನು ಗೀಗೀ ಪದ, ಲಾವಣಿಗಳಲ್ಲಿ ಉಳಿದನು. 1967 ಹಾಗೂ 2012ರ ಚಿತ್ರಗಳಿಗೆ ಆ ನೆನಪೇ ಬುನಾದಿ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಸೀಮೆಯ ಸಂಗತಿ ಬೇರೆ. 1799ರ ಮೇ 4ರಂದು ಬ್ರಿಟಿಷ್ ಸೈನ್ಯವು ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದಾಗ ಟಿಪ್ಪು ಮಡಿದನೆಂಬುದು ಇತಿಹಾಸಕಾರರ ಸಾಮಾನ್ಯ ನಿಲುವು. ಲಾವಣಿಕಾರರು ಅವನನ್ನು ಹಾಡಿದರು; 1990ರಲ್ಲಿ ದೂರದರ್ಶನದ ಧಾರಾವಾಹಿಯು ಮನೆಮನೆಗೆ ತಂದಿತು. ಅವನನ್ನು ಕೊಂದವರು ಉರಿಗೌಡ, ನಂಜೇಗೌಡರೆಂಬ ವಾದವು ಈಚೆಗೆ ಬಲಗೊಂಡು, 2023ರ ಮಾರ್ಚ್‌ನಲ್ಲಿ ಆ ಹೆಸರಿನ ಚಿತ್ರವೊಂದು ಘೋಷಣೆಯಾಯಿತು. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ಮಠದ ನಿರ್ಮಲಾನಂದನಾಥ ಸ್ವಾಮೀಜಿಯವರು ಆಧಾರಗಳು ಮೊದಲು ಸಂಗ್ರಹವಾಗಬೇಕೆಂದು ಸೂಚಿಸಿದ ಬಳಿಕ ನಿರ್ಮಾಪಕರು ಅದನ್ನು ಕೈಬಿಟ್ಟರು.

ಲಾವಣಿಯು ಘಟನೆಯ ನೇರ ದಾಖಲೆಯಲ್ಲ. ಆದರೆ ಅದನ್ನು ಯಾರು, ಯಾವ ಊರಿನಲ್ಲಿ, ಯಾರಿಂದ ಕಲಿತು ಹಾಡಿದರೆಂದು ವಿಚಾರಿಸಲು ಸಾಧ್ಯ. ಚಿತ್ರವೊಂದು ತೆರೆಕಂಡ ಮೇಲೆ, ಕ್ಷೇತ್ರಕಾರ್ಯದಲ್ಲಿ ಕೇಳಿಬರುವ ಕಥೆಯು ಅಜ್ಜನಿಂದ ಬಂದದ್ದೋ ತೆರೆಯಿಂದ ಬಂದದ್ದೋ ಎಂದು ಬೇರ್ಪಡಿಸುವುದು ಕಠಿಣ. ಆದುದರಿಂದ ಈ ನಾಲ್ಕು ತಾಲ್ಲೂಕುಗಳ ವಯೋವೃದ್ಧ ಹಾಡುಗಾರರಿಂದ ಪಠ್ಯಸಂಗ್ರಹವು ಚಿತ್ರೀಕರಣಕ್ಕಿಂತ ಮೊದಲೇ ನಡೆಯಬೇಕು.